ಕೆಳಗಿನ ಬರ್ತು ಯಾರಿಗೆ?

ನಮ್ಮ ಮನೆತನದಲ್ಲಿ ಹೊಲ ಪಾಲಾದಾಗ ಆಗದಿದ್ದ ಗದ್ದಲ ವಾಡಿ ಸ್ಟೇಷನ್ನಿನಲ್ಲಿ ಬರ್ತು ಪಾಲಾಗುವಾಗ ಆಗುತ್ತೆ. ಹೊಲಕ್ಕಾದರೂ ಸರ್ವೆ ನಂಬರ್ ಇರುತ್ತೆ, ಹದ್ದುಬಸ್ತು ಇರುತ್ತೆ. ಬರ್ತಿಗೂ ನಂಬರ್ ಇರುತ್ತೆ ನಿಜ, ಆದರೆ ನಮ್ಮ ಮನೆಯಲ್ಲಿ ಆ ನಂಬರ್‌ಗೆ ಯಾರೂ ಕಿಮ್ಮತ್ತು ಕೊಡೋದಿಲ್ಲ :-)

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದಿರಲಿಲ್ಲ. ಕಳೆದ ದೀಪಾವಳಿ ಮುಗಿಸಿ ಊರಿಂದ ಬೆಂಗಳೂರಿಗೆ ವಾಪಸ್ ಬರುವಾಗ ಹನ್ನೆರಡು ಮಂದಿ ಒಟ್ಟಿಗೆ ಬಂದೆವು. ಆಯಿಯ ತವರಿನ ಕಡೆ ಮದುವೆ ಇತ್ತು. ಅವತ್ತಿನ ಬರ್ತು ಹಂಚಿಕೆ ಇನ್ನೂ ತಲೆಯಲ್ಲಿ ಕೂತಿದೆ, ಅದನ್ನೇ ಬರೀತಾ ಇದೀನಿ.

ಮೊದಲು ನಮ್ಮ ಮಂದಿ ಎಲ್ಲೆಲ್ಲಿ ಇದ್ದಾರೆ ಅಂತ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದೆ ನಿಮಗೆ ಗೊಂದಲ ಆಗುತ್ತೆ. ಆಯಿ, ಅಪ್ಪ, ಅವ್ವ ಚಿತ್ತಾಪುರದಲ್ಲಿ. ದೊಡ್ಡಪ್ಪ, ದೊಡ್ಡವ್ವ ಶಹಾಬಾದದಲ್ಲಿ. ಹೌದು, ಅದೇ ಫರಸಿ ಕಲ್ಲಿನ ಶಹಾಬಾದ. ನಿಮ್ಮ ಮನೆಯ ಹಿತ್ತಲಲ್ಲೋ ಬಚ್ಚಲಲ್ಲೋ ಬೂದು ಬಣ್ಣದ ಚಪ್ಪಡಿ ಹಾಸಿದ್ದರೆ ನಮ್ಮ ದೊಡ್ಡಪ್ಪನ ಊರು ನಿಮ್ಮ ಕಾಲ ಕೆಳಗೇ ಇರಬಹುದು. ಕಾಕಾನ ಕುಟುಂಬ ಸೇಡಂನಲ್ಲಿ. ಅತ್ತಿ ಮತ್ತು ಮಾಮಾ ಚಿಂಚೋಳಿಯಲ್ಲಿ. ಅಕ್ಕ, ಭಾವ ವಾಡಿಯಲ್ಲಿ, ಸ್ಟೇಷನ್ನಿಗೆ ಹತ್ತೇ ನಿಮಿಷದ ದಾರಿ. ಅದಕ್ಕೇ ಬೆಂಗಳೂರಿಗೆ ಯಾರೇ ಹೊರಟರೂ ಅಕ್ಕನ ಮನೆಯಲ್ಲಿ ಊಟ ಮಾಡಿ, ಬುತ್ತಿ ಕಟ್ಟಿಸಿಕೊಂಡು ಹೋಗೋದು ಪದ್ಧತಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಪುಂಡಿ ಪಲ್ಯ. ಅಕ್ಕ ಈ ಸಲ ಮದುವೆಗೆ ಬರಲಿಲ್ಲ, ಮಕ್ಕಳಿಗೆ ಪರೀಕ್ಷೆ ಇತ್ತು. ಆದರೆ ಬುತ್ತಿ ತಪ್ಪಲಿಲ್ಲ.

ವಾಡಿ ನೋಡದವರಿಗೆ ಒಂದು ಮಾತು. ಊರು ಸಣ್ಣದು, ಜಂಕ್ಷನ್ ದೊಡ್ಡದು. ಮುಂಬೈ-ಸೊಲ್ಲಾಪುರ ಕಡೆಯಿಂದ ರಾಯಚೂರು, ಗುಂತಕಲ್ ಕಡೆ ಹೋಗೋ ಹಳಿಗೆ ಸಿಕಂದರಾಬಾದಿನ ಹಳಿ ಕೂಡೋದು ಇಲ್ಲೇ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ರೈಲು ಶುರುವಾಯಿತು. ಚಿತ್ತಾಪುರ, ಮಳಖೇಡ, ಸೇಡಂ ಎಲ್ಲ ಆ ದಾರಿಯಲ್ಲೇ ಬರುತ್ತವೆ. (ಟಿಕೆಟ್ಟಿನಲ್ಲಿ ಮಾತ್ರ ಸೇಡಂ ಅಂತ ಹುಡುಕಬೇಡಿ, ರೈಲ್ವೆಯವರ ಪ್ರಕಾರ ಅದು ‘ಸೇರಂ’.) ಚಿಂಚೋಳಿಗೆ ಮಾತ್ರ ರೈಲೇ ಇಲ್ಲ. ಅತ್ತಿ-ಮಾಮಾ ಬಸ್ಸು ಹಿಡಿದು ಸುಲೇಪೇಟ ಮೇಲೆ ಸೇಡಂಗೆ ಬಂದು, ಅಲ್ಲಿಂದ ಕಾಕಾನ ಮಂದಿ ಜೊತೆ ವಾಡಿಗೆ ಬಂದರು. ರೈಲೇ ಇಲ್ಲದ ಊರಿನ ಈ ಅತ್ತಿಯನ್ನು ನೆನಪಿಟ್ಟುಕೊಳ್ಳಿ. ಈ ಕಥೆಯ ನಾಯಕಿ ಅವಳೇ.

ಈಗ ಟಿಕೆಟ್ ವಿಷಯ. ಒಂದು ಟಿಕೆಟ್ಟಿನಲ್ಲಿ ಆರು ಮಂದಿಗಿಂತ ಹೆಚ್ಚು ಸೇರಿಸೋಕೆ ಬರೋದಿಲ್ಲ. ಹಾಗಾಗಿ ಭಾವ ಆರಾರು ಮಂದಿಯ ಎರಡು ಟಿಕೆಟ್ ಮಾಡಿಸಿದ್ದರು. ಉದ್ಯಾನ್ ಎಕ್ಸ್‌ಪ್ರೆಸ್, ಸ್ಲೀಪರ್. ಮೊದಲ ಟಿಕೆಟ್ಟಿಗೆ 9ರಿಂದ 14, ಸಾಲಾಗಿ. ಎರಡನೆಯದಕ್ಕೆ 15, 16, 18, 21, 22, ಮತ್ತೆ ಎಲ್ಲೋ ಆ ತುದಿಯಲ್ಲಿ 56.

ನಂಬರ್ ನೋಡಿ ಬರ್ತು ಹೇಳೋ ಲೆಕ್ಕ ಗೊತ್ತಲ್ವಾ? ಎಂಟರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಕೆಳಗಿನದು, 2 ಅಥವಾ 5 ಬಂದರೆ ನಡುವಿನದು, 3 ಅಥವಾ 6 ಬಂದರೆ ಮೇಲಿನದು. 7 ಬಂದರೆ ಸೈಡಿನ ಕೆಳಗಿನದು, ಶೇಷವೇ ಇಲ್ಲದಿದ್ದರೆ ಸೈಡಿನ ಮೇಲಿನದು. ನಮ್ಮ ಹನ್ನೆರಡರಲ್ಲಿ ಈ ಲೆಕ್ಕ ಹಾಕಿ ನೋಡಿ. ಕೆಳಗಿನವು ಮೂರೇ ಮೂರು: 9, 12, ಮತ್ತು ಸೈಡಿನ 15.

ಕೇಳುವವರು ಎಷ್ಟು ಮಂದಿ? ಆಯಿಗೆ ಎಂಬತ್ತೆರಡು. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಅವ್ವನಿಗೆ ಎರಡೂ ಮೊಣಕಾಲು ನೋವು. ಕಾಕಾನ ಮಗಳು, ಅಂದರೆ ನನ್ನ ತಂಗಿ, ಐದು ತಿಂಗಳ ಬಸುರಿ. ಅವಳ ಗಂಡ ಹೊಸ ಅಳಿಯ, ಮರ್ಯಾದೆಯ ಪ್ರಶ್ನೆ. ಇನ್ನು ಮಾಮಾ. ಅವರೂ ಈ ಮನೆಯ ಅಳಿಯನೇ, ಆದರೆ ಮೂವತ್ತೈದು ವರ್ಷ ಹಳೆಯವರು :-) ಒಟ್ಟು ಆರು ಮಂದಿ, ಮೂರು ಬರ್ತು.

ಇಲ್ಲಿ ನಿಮಗೆಲ್ಲ ಉಪಯೋಗ ಆಗೋ ಒಂದು ವಿಷಯ ಹೇಳ್ತೀನಿ. ಅರವತ್ತು ದಾಟಿದ ಗಂಡಸರಿಗೆ, ನಲವತ್ತೈದು ದಾಟಿದ ಹೆಂಗಸರಿಗೆ, ಬಸುರಿಯರಿಗೆ ಅಂತ ರೈಲ್ವೆಯಲ್ಲಿ ಕೆಳಗಿನ ಬರ್ತಿನ ಕೋಟಾ ಇದೆ. (ವಯಸ್ಸಾದವರಿಗೆ ಇದ್ದ ಟಿಕೆಟ್ ದರದ ರಿಯಾಯಿತಿ ಬೇರೆ, ಅದು 2020ರ ಮಾರ್ಚ್‌ನಲ್ಲಿ ನಿಂತುಹೋಯಿತು.) ಆದರೆ ವಯಸ್ಸಾದವರು ಈ ಕೋಟಾದಲ್ಲಿ ತಗೊಳ್ಳಬೇಕಾದರೆ ಟಿಕೆಟ್ಟಿನಲ್ಲಿ ಒಬ್ಬರು ಅಥವಾ ಇಬ್ಬರೇ ಇರಬೇಕು. ಮಗ, ಸೊಸೆ, ಮೊಮ್ಮಕ್ಕಳನ್ನೆಲ್ಲ ಒಂದೇ ಟಿಕೆಟ್ಟಿಗೆ ಸೇರಿಸಿದಿರೋ, ಆ ಕೋಟಾ ಹೋಯಿತು. ಅಂದರೆ ಏನಾಯ್ತು? ಎಲ್ಲರೂ ಒಟ್ಟಿಗೆ ಇರಬೇಕು ಅನ್ನೋ ಪ್ರೀತಿಯಿಂದ ನಾವು ಒಟ್ಟಿಗೆ ಟಿಕೆಟ್ ಮಾಡಿಸ್ತೀವಿ, ಆ ಪ್ರೀತಿಗೇ ಮುದುಕರ ಕೆಳಗಿನ ಬರ್ತು ಹೋಗುತ್ತೆ. ಬೇರೆ ಬೇರೆ ಮಾಡಿಸಿದರೆ ಬರ್ತು ಸಿಗಬಹುದು, ಆದರೆ ಆಯಿ ಒಂದು ಡಬ್ಬಿಯಲ್ಲಿ, ನಾವು ಇನ್ನೊಂದು ಡಬ್ಬಿಯಲ್ಲಿ. ಆಮೇಲೆ ಅಪರಿಚಿತರ ಹತ್ತಿರ ‘ಸ್ವಲ್ಪ ಬದಲಾಯಿಸಿಕೊಳ್ತೀರಾ’ ಅಂತ ಕೈ ಮುಗಿಯೋದು. ಎರಡರಲ್ಲಿ ಒಂದು ಕಷ್ಟ ಇದ್ದೇ ಇದೆ.

ಹೊರಡೋ ಮುಂಚೆಯೇ ಒಂದು ಬದಲಾವಣೆ ಆಗಿತ್ತು. ಕಾಕಾನಿಗೆ ಬರೋಕೆ ಆಗಲಿಲ್ಲ, ತೊಗರಿ ಹೊಲದಲ್ಲಿ ಔಷಧ ಹೊಡೆಸೋದು ಬಾಕಿ ಇತ್ತು. ಅವನ ಜಾಗದಲ್ಲಿ ಅವನ ಮಗ ಬಂದ. ಇದಕ್ಕೆ ನಿಯಮ ಇದೆ: ರೈಲು ಹೊರಡೋ ಇಪ್ಪತ್ತನಾಲ್ಕು ಗಂಟೆ ಮುಂಚೆ ರಿಸರ್ವೇಷನ್ ಕೌಂಟರ್‌ಗೆ ಹೋಗಿ ಅರ್ಜಿ ಕೊಟ್ಟರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿ, ಇಷ್ಟು ಮಂದಿಯ ಹೆಸರಿಗೆ ಟಿಕೆಟ್ ಬದಲಾಯಿಸಬಹುದು. ಅದೂ ಒಂದೇ ಸಲ. ಭಾವ ಮೊದಲು ‘ಹ್ಯಾಂಗೂ ನಮ್ಮ ದೊಡ್ಡ ಹುಡುಗ ಖಾಲಿ ಅದಾನ, ಅವನನ್ನೇ ಕಳಸಮು’ ಅಂದಿದ್ದರು. ನಡೆಯೋದಿಲ್ಲ. ಕಾಕಾನ ಅಣ್ಣನ ಮೊಮ್ಮಗ ಸರ್ಕಾರದ ಲೆಕ್ಕದಲ್ಲಿ ಕುಟುಂಬ ಅಲ್ಲ! ನಮ್ಮ ಮನೆಯಲ್ಲಿ ಯಾರು ಯಾರ ಮಗ ಅಂತ ಹೊರಗಿನವರಿಗೆ ಗೊತ್ತಾಗೋಕೆ ಎರಡು ದಿನ ಬೇಕು, ರೈಲ್ವೆಯವರು ಒಂದು ಸಾಲಿನಲ್ಲಿ ಮುಗಿಸಿದ್ದಾರೆ.

ಇರಲಿ. ಒಂದೇ ಟಿಕೆಟ್ಟಿನವರು ತಮ್ಮ ತಮ್ಮಲ್ಲಿ ಬರ್ತು ಅದಲು ಬದಲು ಮಾಡಿಕೊಳ್ಳೋಕೆ ಯಾವ ಅರ್ಜಿಯೂ ಬೇಡ. ಅಲ್ಲೇ ನಮ್ಮ ಮನೆಯ ಕಾನೂನು ಶುರುವಾಗೋದು.

ಸಂಜೆ ರೈಲು ವಾಡಿ ಬಿಟ್ಟ ಕೂಡಲೇ ದೊಡ್ಡಪ್ಪ ಹಿರಿಯನಾಗಿ ಹಂಚಿಕೆ ಮಾಡಿದ. ಒಂಬತ್ತು ಆಯಿಗೆ. ಅದರಲ್ಲಿ ಯಾರದೂ ತಕರಾರು ಇಲ್ಲ. ಹನ್ನೆರಡು ತನಗೆ. ಹದಿನೈದು ಹೊಸ ಅಳಿಯನಿಗೆ. ಮಾಮಾ ‘ನಾನೂ ಈ ಮನಿ ಅಳ್ಯಾನೇ ಅಲ್ಲೇನ್ರಿ?’ ಅಂದರು. ಎಲ್ಲರೂ ನಕ್ಕೆವು. ಮಾಮಾ 22ಕ್ಕೆ ಹತ್ತಿದರು. ಅವ್ವನಿಗೆ ಹತ್ತು, ಆಯಿಯ ಮೇಲಿನ ನಡುಬರ್ತು, ರಾತ್ರಿ ಆಯಿಯನ್ನು ನೋಡಿಕೊಳ್ಳೋಕೆ ಅನುಕೂಲ ಅಂತ. ಬಸುರಿ ತಂಗಿಗೆ 18, ಅದೂ ನಡುವಿನದೇ. ಚಿಗವ್ವನಿಗೆ ಸೈಡಿನ ಮೇಲಿನ 16. ನನಗೆ 14, ಮೇಲೆ. ಕಾಕಾನ ಮಗನಿಗೆ ದೇಶಾಂತರ, 56 :-)

ತಂಗಿಯನ್ನು ಚಿಗವ್ವ ಕೇಳಿದಳು, ‘ನಿನಗ ಹತ್ತಲಾಕ ಆಗ್ತದೇನವ್ವ?’ ಅವಳು ಗಂಡನ ಮುಖ ನೋಡಿ, ದೊಡ್ಡಪ್ಪನ ಮುಖ ನೋಡಿ, ‘ನಡೀತದ’ ಅಂದಳು. ಅಪ್ಪ ಅವ್ವನನ್ನು ಕೇಳಿದ. ಅವ್ವ ‘ನಂದೇನದ, ನನಗ ಎಲ್ಲಿ ಆದ್ರೂ ನಡೀತದ’ ಅಂದಳು.

ಈ ‘ನಡೀತದ’ ಅನ್ನೋ ಮಾತು ನಾನು ಚಿಕ್ಕಂದಿನಿಂದ ಕೇಳಿದ್ದೀನಿ. ತಳ ಹಿಡಿದ ಅನ್ನ ನಡೀತದ. ಅಡಿಗೆಮನೆಯ ಬಾಗಿಲ ಹತ್ತಿರ ಮಲಗೋದು ನಡೀತದ. ಜೀಪಿನಲ್ಲಿ ಹಿಂದಿನ ಸೀಟು ನಡೀತದ. ಕೇಳಿದವರಿಗೆ ಉತ್ತರ ಸಿಕ್ಕ ಹಾಗಾಗುತ್ತೆ, ಕೇಳಿದೆವಲ್ಲ ಅನ್ನೋ ಸಮಾಧಾನವೂ ಆಗುತ್ತೆ. ಗಮನಿಸಿ ನೋಡಿ, ಹಂಚಿಕೆ ಆಗುವಾಗ ‘ನಡೀತದ’ ಅಂದವರು ಇಬ್ಬರೇ. ಆಯಿಯ ನಂತರ ಕೆಳಗಿನ ಬರ್ತು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದೂ ಅವರಿಬ್ಬರಿಗೇ.

ಅತ್ತಿ ಇಷ್ಟೂ ಹೊತ್ತು ಸುಮ್ಮನೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು. ಯಾದಗಿರಿ ದಾಟಿ ಎಲ್ಲರ ಕೈಗೂ ರೊಟ್ಟಿ ಬಂತು. ಚಟ್ನಿ ಖಾರ ಇತ್ತು, ಎಲ್ಲರೂ ನೀರು ನೀರು ಅಂತಿದ್ದೆವು. ಆಗ ಅತ್ತಿ ಕೇಳಿದಳು, ‘ವೈನಿ, ನಿಮ್ಮ ಬಾಟ್ಲಿ ಯಾಕ ತುಂಬೇ ಅದ?’

ಅವ್ವ ಏನೋ ಹೇಳಿ ತೇಲಿಸೋಕೆ ನೋಡಿದಳು. ಅತ್ತಿ ಬಿಡಲಿಲ್ಲ. ‘ಮಧ್ಯಾಹ್ನದಿಂದ ನೀರು ಕುಡದಿಲ್ಲ ನೀವು. ನಾ ನೋಡೀನಿ.’

ಆಮೇಲೆ ಗೊತ್ತಾಯಿತು. ರಾತ್ರಿ ಎದ್ದು ಇಳಿಯೋ ಪ್ರಸಂಗ ಬರಬಾರದು ಅಂತ ಅವ್ವ ರೈಲಿನಲ್ಲಿ ಹೋಗೋ ದಿನ ಮಧ್ಯಾಹ್ನದಿಂದಲೇ ನೀರು ಬಿಡ್ತಾಳೆ. ಇವತ್ತಿನದಲ್ಲ, ಮೊಣಕಾಲು ಹಿಡಿದಾಗಿನಿಂದ ಅದೇ ರೂಢಿ. ನಡುಬರ್ತಿನಿಂದ ಕತ್ತಲಲ್ಲಿ ಇಳಿಯಬೇಕು, ಕೆಳಗೆ ಮಲಗಿದವರ ಮೇಲೆ ಕಾಲು ಬೀಳಬಾರದು, ಸೀರೆ ಸಿಕ್ಕಿಕೊಳ್ಳಬಾರದು, ಮತ್ತೆ ಹತ್ತಬೇಕು. ಇಷ್ಟೆಲ್ಲ ಮಾಡೋದಕ್ಕಿಂತ ಬಾಯಿ ಒಣಗಿಸಿಕೊಂಡು ಇರೋದು ಹಗುರ ಅನ್ನಿಸಿದೆ ಅವಳಿಗೆ. ತಂಗಿಯ ಬಾಟಲಿಯೂ ಅರ್ಧಕ್ಕಿಂತ ಮೇಲೇ ಇತ್ತು. ಐದು ತಿಂಗಳ ಬಸುರಿ ನೀರು ಕಡಿಮೆ ಕುಡಿಯಬಾರದು ಅಂತ ಹೇಳೋಕೆ ಡಾಕ್ಟರೇ ಬೇಕಾಗಿಲ್ಲ ಅಲ್ವಾ?

ಅತ್ತಿ ಕೈ ಒರೆಸಿಕೊಂಡು ಎದ್ದು ನಿಂತಳು. ‘ಯಾರ್ಯಾರು ರಾತ್ರಿ ಎಷ್ಟೆಷ್ಟು ಸಲ ಏಳ್ತೀರಿ, ಹೇಳ್ರಿ ನೋಡಮು. ನಾಚಿಕಿ ಬ್ಯಾಡ.’

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ‘ನಾ ಎರಡು ಸಲ’ ಅಂದ. ದೊಡ್ಡವ್ವ ‘ನಾಕು’ ಅಂತ ತಿದ್ದಿದಳು. ತಂಗಿ ಮೂರು ಅಂದಳು. ಅಳಿಯ ‘ನಾ ಒಮ್ಮೆನೂ ಏಳಂಗಿಲ್ರಿ ಅತ್ತಿ, ಬೆಂಗಳೂರಾಗೇ ಏಳೋದು’ ಅಂದ. ಅಷ್ಟೇ ಅಲ್ಲ, ಮೊದಲಿನಿಂದಲೂ ಅವನಿಗೆ ಮೇಲಿನ ಬರ್ತೇ ಇಷ್ಟವಂತೆ! ಕೆಳಗಿನದರಲ್ಲಿ ಎಲ್ಲರೂ ಬಂದು ಕೂರ್ತಾರೆ, ರಾತ್ರಿ ಹತ್ತರ ತನಕ ಕಾಲು ಚಾಚೋಕೆ ಆಗೋದಿಲ್ಲ. ಮರ್ಯಾದೆಗೆ ಕೊಟ್ಟಿದ್ದಾರೆ, ಬೇಡ ಅಂದರೆ ತಪ್ಪು ತಿಳೀತಾರೆ ಅಂತ ಸುಮ್ಮನೆ ಕೂತಿದ್ದ. ಅಂದರೆ ಬೇಕಾದವರು ಕೇಳಲಿಲ್ಲ, ಬೇಡದವನು ಹೇಳಲಿಲ್ಲ, ಹಂಚಿದವರು ಇಬ್ಬರನ್ನೂ ಸರಿಯಾಗಿ ಕೇಳಲಿಲ್ಲ.

ಹದಿನೈದು ತಂಗಿಗೆ ಹೋಯಿತು. ಅವಳ ತಲೆಯ ಮೇಲಿನ 16ಕ್ಕೆ ಅಳಿಯ ಖುಷಿಯಿಂದ ಹತ್ತಿದ. ಚಿಗವ್ವ 16 ಬಿಟ್ಟು ಆಯಿಯ ಮೇಲಿನ ಹತ್ತಕ್ಕೆ ಬಂದಳು. ಈಗ ಅವ್ವನಿಗೆ ಜಾಗ ಬೇಕು, ಆದರೆ ನಮ್ಮ ಹತ್ತಿರ ಇನ್ನೊಂದು ಕೆಳಗಿನ ಬರ್ತು ಇಲ್ಲ. ಪಕ್ಕದ ಕೂಪೆಯಲ್ಲಿ 20ರಲ್ಲಿ ಒಬ್ಬ ಕಾಲೇಜು ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದ. ಅತ್ತಿ ಅವನ ಕೈಗೆ ಎರಡು ರೊಟ್ಟಿ ಕೊಟ್ಟು, ‘ತಮ್ಮಾ, ನಿನಗ ಮ್ಯಾಲಿನ ಬರ್ತು ಕೊಟ್ರ ಹೋಗ್ತಿಯೇನಪ್ಪ? ನಮ್ಮ ವೈನಿಗಿ ಮೊಣಕಾಲು ನೋವು’ ಅಂದಳು. ಅವನು ನನ್ನ 14ಕ್ಕೆ ಹೋದ. ನಾನು ತಂಗಿ ಬಿಟ್ಟ 18ಕ್ಕೆ. ಅವ್ವ 20ಕ್ಕೆ. ಅವಳ ಮೇಲೆ 21ರಲ್ಲಿ ಅತ್ತಿ, ಅದರ ಮೇಲೆ ಮಾಮಾ. ಟಿಟಿಇ ಬಂದಾಗ ಅಪ್ಪ ಯಾರು ಎಲ್ಲಿದ್ದಾರೆ ಅಂತ ಒಂದೊಂದಾಗಿ ಹೇಳಿದ. ಹೇಳೋದು ಒಳ್ಳೆಯದು. ಅವರ ಕೈಯಲ್ಲಿರೋ ಪಟ್ಟಿಯಲ್ಲಿ ನಂಬರಿಗೊಂದು ಹೆಸರು ಇರುತ್ತೆ, ಹೇಳದೆ ಇದ್ದರೆ ನಡುರಾತ್ರಿ ಯಾರದೋ ಹೆಸರು ಕೇಳಿ ಯಾರನ್ನೋ ಎಬ್ಬಿಸ್ತಾರೆ.

ಅತ್ತಿಗೆ ಈ ಧೈರ್ಯ ಎಲ್ಲಿಂದ ಬಂತು ಅಂತ ನಾನು ಕೇಳಿದೆ. ‘ಹಡಗದಾಗ ಕಲತೀನಿ’ ಅಂದಳು.

ನಿಜ. ರೈಲೇ ಇಲ್ಲದ ಊರಿನ ಅತ್ತಿ ಹಡಗು ಹತ್ತಿ ಬಂದಿದ್ದಾಳೆ. ಅವಳ ಮಗ ಅಮೆರಿಕದಲ್ಲಿದ್ದಾನೆ. ಅತ್ತಿ-ಮಾಮಾ ಅಲ್ಲಿಗೆ ಹೋದಾಗ ಫ್ಲಾರಿಡಾದಿಂದ ಹೊರಡೋ ಕ್ರೂಸಿಗೆ ಕರಕೊಂಡು ಹೋಗಿದ್ದ. ಎರಡು ಕ್ಯಾಬಿನ್. ಬಾಲ್ಕನಿ ಇದ್ದದ್ದು ಅತ್ತಿ-ಮಾಮಾನ ಹೆಸರಿಗೆ. ಕಿಟಕಿಯೇ ಇಲ್ಲದ ಒಳಗಿನದು ಮಗ, ಸೊಸೆ, ಮಕ್ಕಳಿಗೆ. ಅತ್ತಿ ಮೊದಲ ದಿನವೇ ‘ಸಣ್ಣ ಮಕ್ಕಳು ಸಮುದ್ರ ನೋಡ್ಲಿ, ನಮಗ ಎಲ್ಲಿ ಆದ್ರೂ ನಡೀತದ’ ಅಂತ ಬದಲಾಯಿಸಿಬಿಟ್ಟಳು. ಕಿಟಕಿ ಇಲ್ಲದ ಕೋಣೆಯಲ್ಲಿ ದೀಪ ಆರಿಸಿದರೆ ಕಗ್ಗತ್ತಲು. ಮಾಮಾ ರಾತ್ರಿ ಎರಡಕ್ಕೆ ಬೆಳಗಾಯಿತು ಅಂತ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ ಕೂತಿದ್ದರಂತೆ :-) ಅತ್ತಿಗೆ ಉಸಿರು ಕಟ್ಟಿದ ಹಾಗಾಗಿ ಎರಡು ರಾತ್ರಿ ನಿದ್ದೆ ಇಲ್ಲ. ಯಾರಿಗೂ ಹೇಳಲಿಲ್ಲ. ಅತ್ತ ಬಾಲ್ಕನಿಯಲ್ಲಿ ಮಗ-ಸೊಸೆಗೂ ನಿದ್ದೆ ಇಲ್ಲ, ಸಣ್ಣ ಹುಡುಗ ಕಟಾಂಜನ ಹತ್ತಿಬಿಟ್ಟಾನು ಅಂತ ಕಾವಲು. ಮೂರನೇ ದಿನ ಸೊಸೆ ಅತ್ತಿಯ ಕಣ್ಣು ಕೆಂಪಾಗಿದ್ದದ್ದು ನೋಡಿ ಪಕ್ಕಕ್ಕೆ ಕರೆದು ಕೇಳಿದಳು. ಆಗ ಮತ್ತೆ ಅದಲು ಬದಲು.

ಹಡಗಿನಲ್ಲಿ ಹೀಗೆ ಹೇಳದೆ ಕೇಳದೆ ಬದಲಾಯಿಸೋದು ರೈಲಿಗಿಂತ ತೊಡಕಿನ ಕೆಲಸ. ಕ್ಯಾಬಿನ್ ಬಾಗಿಲು ತೆಗೆಯೋ ಕಾರ್ಡಿನ ಮೇಲೇ ಸಾಮಾನ್ಯವಾಗಿ ಖರ್ಚಿನ ಲೆಕ್ಕವೂ ಬೀಳುತ್ತೆ. ಅದಕ್ಕಿಂತ ಮುಖ್ಯ, ಅಪಾಯದ ಗಂಟೆ ಬಾರಿಸಿದರೆ ಯಾರು ಎಲ್ಲಿ ಸೇರಬೇಕು ಅನ್ನೋದನ್ನೂ ಸಾಮಾನ್ಯವಾಗಿ ಕ್ಯಾಬಿನ್ ನೋಡಿಯೇ ಗೊತ್ತು ಮಾಡಿರ್ತಾರೆ. 2012ರ ಜನವರಿಯಲ್ಲಿ ಇಟಲಿಯ ದಂಡೆ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿತಲ್ಲ, ಆಗ ಹೊಸದಾಗಿ ಹತ್ತಿದ ಎಷ್ಟೋ ಮಂದಿಗೆ ಆ ತಾಲೀಮು ಇನ್ನೂ ಆಗಿರಲಿಲ್ಲ. 2015ರಿಂದ ಹಡಗು ಹೊರಡೋ ಮುಂಚೆ ಅಥವಾ ಹೊರಟ ಕೂಡಲೇ ತಾಲೀಮು ಮಾಡಿಸಲೇಬೇಕು ಅನ್ನೋ ಅಂತಾರಾಷ್ಟ್ರೀಯ ನಿಯಮ ಬಂದಿದೆ. ಹಾಗಾಗಿ ಹಡಗಿನಲ್ಲಿ ಕೋಣೆ ಬದಲಾಯಿಸಿಕೊಂಡರೆ ಕೌಂಟರಿಗೆ ಹೋಗಿ ಹೇಳಿ, ಕಾರ್ಡು ಸರಿ ಮಾಡಿಸಿಕೊಳ್ಳಿ. ರೈಲಿನಲ್ಲಿ ಟಿಟಿಇಗೆ ಹೇಳಿದ ಹಾಗೆ.

ಆದರೆ ಅತ್ತಿ ಹಡಗಿನಲ್ಲಿ ಕಲಿತದ್ದು ಇದಲ್ಲ. ತನ್ನ ‘ನಡೀತದ’ದಿಂದ ಆರು ಮಂದಿಯ ನಿದ್ದೆ ಕೆಟ್ಟದ್ದನ್ನ ಅವಳು ಕಣ್ಣಾರೆ ಕಂಡಳು. ‘ನಾವು ಬಿಟ್ಟು ಕೊಟ್ರ ಎಲ್ಲಾರಿಗೂ ಛಲೋ ಆಗ್ತದ ಅಂತ ತಿಳಕೊಂಡಿರ್ತೀವಿ. ಛಲೋ ಯಾರಿಗೂ ಆಗಿರಂಗಿಲ್ಲ’ ಅಂದಳು. ಸೊಸೆ ಕೇಳದೆ ಇದ್ದಿದ್ದರೆ ಕೊನೇ ತನಕ ಹಾಗೇ ಇರ್ತಿದ್ದೆ ಅಂತಲೂ ಹೇಳಿದಳು. ಅವಳ ಕಣ್ಣು ಅವ್ವನ ಬಾಟಲಿ ಮೇಲೆ ಬಿದ್ದದ್ದು ಅದಕ್ಕೇ.

ಗುಂತಕಲ್ ಬಂದಾಗ ರಾತ್ರಿ ಆಗಿತ್ತು. ಚಹಾದವನು ಕೂಗುತ್ತಾ ಬಂದ. ಅವ್ವ 20ರಿಂದ ತಲೆ ಎತ್ತಿ ‘ನನಗೊಂದು ಕೊಡಪ್ಪ’ ಅಂದಳು. ಅಪ್ಪ ತನ್ನ ಬರ್ತಿನಿಂದ ಇಳಿದು ಬಂದು ನೋಡಿದ. ಎಷ್ಟೋ ಸಲ ಈ ದಾರಿಯಲ್ಲಿ ಇಬ್ಬರೂ ಓಡಾಡಿದ್ದಾರೆ, ರಾತ್ರಿ ರೈಲಿನಲ್ಲಿ ಅವ್ವ ಚಹಾ ಕುಡಿದದ್ದನ್ನ ಅವನು ನೋಡಿರಲಿಲ್ಲವಂತೆ. ಅವನು ಏನೂ ಅನ್ನಲಿಲ್ಲ. ತಾನೂ ಒಂದು ಚಹಾ ತಗೊಂಡು ಅವ್ವನ ಕಾಲ ಹತ್ತಿರ ಕೂತ. ಅವ್ವ ಆ ರಾತ್ರಿ ಎರಡು ಸಲ ಎದ್ದಳು. 18ರಲ್ಲಿದ್ದ ನನಗೆ ಗೊತ್ತಾಯಿತು. ಯಾರನ್ನೂ ಎಬ್ಬಿಸಲಿಲ್ಲ, ಯಾರ ಮೇಲೂ ಕಾಲಿಡಲಿಲ್ಲ, ಸುಮ್ಮನೆ ಹೋಗಿ ಬಂದು ಮಲಗಿದಳು.

ವಾಪಸ್ ಬರೋ ಟಿಕೆಟ್ಟನ್ನ ಭಾವ ರದ್ದು ಮಾಡಿಸಿ ಬೇರೆ ಥರ ಮಾಡಿಸಿದರು. ಆಯಿ ಮತ್ತು ಅವ್ವ ಇಬ್ಬರದೇ ಒಂದು ಟಿಕೆಟ್, ಕೆಳಗಿನ ಬರ್ತಿನ ಕೋಟಾದಲ್ಲಿ. ಎರಡೂ ಕೆಳಗಿನವೇ ಸಿಕ್ಕವು. ನಮ್ಮ ಮಂದಿಗಿಂತ ಎರಡು ಡಬ್ಬಿ ಆಚೆ. ಅಪ್ಪ ಊಟದ ಹೊತ್ತಿಗೆ ಹೋಗಿ ಕೂತು ಬಂದನಂತೆ. ದೊಡ್ಡಪ್ಪನಿಗೆ ಇದು ಅಷ್ಟು ಸರಿ ಬಂದಿಲ್ಲ, ‘ಮನಿ ಮಂದಿ ಒಡದ್ಹಂಗ ಆಯ್ತು’ ಅಂತ ಇನ್ನೂ ಅಂತಾನೆ. ಅವನ ಮಾತಿನಲ್ಲೂ ಸ್ವಲ್ಪ ನಿಜ ಇದೆ, ಒಟ್ಟಿಗೆ ಕೂತು ರೊಟ್ಟಿ ತಿನ್ನೋದರ ರುಚಿಯೇ ಬೇರೆ. ಆದರೆ ಅವ್ವನ ಬಾಟಲಿ ರಾಯಚೂರಿಗೆ ಬರೋ ಹೊತ್ತಿಗೆ ಖಾಲಿಯಾಗಿತ್ತಂತೆ, ಅಪ್ಪ ಇಳಿದು ತುಂಬಿಸಿಕೊಟ್ಟನಂತೆ. ಫೋನಿನಲ್ಲಿ ಇದನ್ನ ಅಕ್ಕ ಹೇಳಿದಳು.

ನೀವೂ ಸಂಕ್ರಾಂತಿಗೋ ಜಾತ್ರೆಗೋ ಮನೆ ಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಡುವವರಿದ್ದೀರಿ. ಒಂದು ಸಲ ಬಾಟಲಿಗಳ ಕಡೆ ನೋಡಿ ಅಂತ ಕೇಳಿಕೊಳ್ತೀನಿ. ಮತ್ತೆ ನಿಮ್ಮ ಮನೆಯಲ್ಲಿ ಬರ್ತು ಹಂಚೋದು ಯಾರು, ‘ನಡೀತದ’ ಅನ್ನೋದು ಯಾರು? ಬರೀರಿ, ಅವ್ವನಿಗೆ ಓದಿ ಹೇಳ್ತೀನಿ.